ಮೂರು ಕಂಪ್ಯೂಟರ್, ಒಂದೇ ಪುಟ: ಕನ್ನಡ ಓಸಿಆರ್ ಎಲ್ಲ ಕಡೆ ಒಂದೇ ಥರ ನಡೆಯುವಂತೆ ಮಾಡಿದ್ದು

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಓಸಿಆರ್‌ನಿಂದ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ) ಪಠ್ಯಕ್ಕೆ ಇಳಿಸಿ, ಕರಡು ತಿದ್ದಿ ವಿಕಿಸೋರ್ಸ್ ಅನ್ನುವ ಉಚಿತ ಆನ್‌ಲೈನ್ ಗ್ರಂಥಾಲಯಕ್ಕೆ ಹಾಕುವುದು ನಮ್ಮ ಪುಟ್ಟ ಗುಂಪಿನ ಕೆಲಸ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಪುಸ್ತಕದ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಾಗಾಗಿ ಪುಸ್ತಕಗಳಿಗೆ ಬರವಿಲ್ಲ. ಆದರೆ ಕಂಪ್ಯೂಟರ್‌ಗಳು ಒಬ್ಬೊಬ್ಬರದು ಒಂದೊಂದು ಥರ. ನನ್ನದು ಉಬುಂಟು ಹಾಕಿದ ಲ್ಯಾಪ್‌ಟಾಪ್. ಬೆಂಗಳೂರಿನ ಗೆಳತಿಯದು ಎಂ1 ಚಿಪ್ಪಿನ ಮ್ಯಾಕ್. ಶಿವಮೊಗ್ಗದಲ್ಲಿರುವ ನಿವೃತ್ತ ಮೇಷ್ಟ್ರದು 4 ಜಿಬಿ ರ‍್ಯಾಮ್ ಇರುವ ವಿಂಡೋಸ್ ಡೆಸ್ಕ್‌ಟಾಪ್.

ಒಂದೇ ಪುಟವನ್ನು ಮೂರೂ ಕಡೆ ಓಡಿಸಿದರೆ ಮೂರು ಥರದ ಪಠ್ಯ ಬರುತ್ತಿತ್ತು. ಹೇಗಿದ್ರೂ ಕೈಯಲ್ಲೇ ತಿದ್ದುತ್ತೀರಲ್ಲ, ಬೇರೆ ಬೇರೆ ಬಂದರೆ ಏನಂತೆ ಅಂತ ಕೆಲವರು ಕೇಳಿದರು. ತೊಂದರೆ ಇದೆ. ಓಸಿಆರ್ ತಪ್ಪು ಮಾಡೇ ಮಾಡುತ್ತದೆ. ಎಲ್ಲರ ಹತ್ತಿರವೂ ಅದೇ ತಪ್ಪು ಬಂದರೆ, ಒಬ್ಬರು ತಿದ್ದಿದ್ದನ್ನು ಪಟ್ಟಿಗೆ ಸೇರಿಸಿ ಉಳಿದವರಿಗೂ ತಾನಾಗೇ ತಿದ್ದುವ ಹಾಗೆ ಮಾಡಬಹುದು. ನಮ್ಮ ತಿದ್ದುಪಡಿ ಪಟ್ಟಿ ನಿಂತಿರುವುದೇ ಇದರ ಮೇಲೆ. ತಪ್ಪುಗಳು ಬೇರೆ ಬೇರೆ ಆದರೆ ಮೇಷ್ಟ್ರು ಕಣ್ಣು ನೋಯಿಸಿಕೊಂಡು ತಿದ್ದಿದ ಸಾಲುಗಳು ನಮಗೆ ಉಪಯೋಗಕ್ಕೆ ಬರುವುದಿಲ್ಲ. ಅವರ ಶ್ರಮ ಪೋಲಾಗಬಾರದು ಅನ್ನುವುದೇ ಈ ಕೆಲಸ ಹಿಡಿಯಲು ಕಾರಣ.

ಎಲ್ಲೆಲ್ಲಿ ಏನೇನಿತ್ತು

ನಾವು ಬಳಸುವ ಓಸಿಆರ್ ಪ್ರೋಗ್ರಾಮಿನ ಹೆಸರು ಟೆಸರಾಕ್ಟ್. ಮೊದಲು ಮೂರೂ ಕಡೆ 'ಟೆಸರಾಕ್ಟ್ --ವರ್ಷನ್' ಅಂತ ಹೊಡೆದು ನೋಡಿದೆವು. ಉಬುಂಟು 22.04ರ ಜೊತೆ ಬರುವುದು ಟೆಸರಾಕ್ಟ್ 4.1.1. ಮ್ಯಾಕ್‌ನಲ್ಲಿ ಹೋಮ್‌ಬ್ರೂ (ಪ್ರೋಗ್ರಾಮುಗಳನ್ನು ಹಾಕಿಕೊಡುವ ಉಪಕರಣ) ಹಾಕಿದ್ದು 5ನೇ ಸರಣಿಯದು. ಮೇಷ್ಟ್ರ ಹತ್ತಿರ ಇದ್ದದ್ದು ಮ್ಯಾನ್‌ಹೈಮ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ವಿಂಡೋಸ್‌ಗಾಗಿ ಮಾಡಿಕೊಡುವ ಇನ್‌ಸ್ಟಾಲರಿನದು, ಅದೂ 5ನೆಯದೇ, ಆದರೆ ಬೇರೆ ಉಪ ಆವೃತ್ತಿ.

ಕನ್ನಡದ ಮಾದರಿ ಫೈಲಿನ ಕತೆಯೂ ಇದೇ. ಟೆಸರಾಕ್ಟ್ ಕನ್ನಡ ಓದಬೇಕಾದರೆ 'ಕನ್.ಟ್ರೇನ್ಡ್‌ಡೇಟಾ' ಅನ್ನುವ ಫೈಲು ಬೇಕು. ಅದು 'ಟೆಸ್‌ಡೇಟಾ', 'ಫಾಸ್ಟ್', 'ಬೆಸ್ಟ್' ಅಂತ ಮೂರು ಬಗೆಯಲ್ಲಿ ಸಿಗುತ್ತದೆ. ಮೂರಕ್ಕೂ ಫೈಲಿನ ಹೆಸರು ಒಂದೇ! ಹೆಸರು ನೋಡಿದರೆ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಶಾ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆದಾಗಲೇ ಒಬ್ಬೊಬ್ಬರ ಹತ್ತಿರ ಒಂದೊಂದು ಇರುವುದು ತಿಳಿದದ್ದು.

ನಮ್ಮ ಪ್ರಾಜೆಕ್ಟಿನಲ್ಲಿ ಪೈಥಾನ್ ಪ್ಯಾಕೇಜುಗಳ ಪಟ್ಟಿ ಇತ್ತು, ಆವೃತ್ತಿ ಸಮೇತ. ಆದರೆ ಅದರಲ್ಲಿದ್ದ ಪೈಟೆಸರಾಕ್ಟ್ ಬರೀ ಒಂದು ತೆಳು ಹೊದಿಕೆ. ಅದು ಕಂಪ್ಯೂಟರಿನಲ್ಲಿ ಮೊದಲೇ ಇರುವ ಟೆಸರಾಕ್ಟ್ ಪ್ರೋಗ್ರಾಮನ್ನು ಕರೆಯುತ್ತದೆ, ಅಷ್ಟೇ. ಪಿಡಿಎಫ್‌ನಿಂದ ಚಿತ್ರ ತೆಗೆಯುವ ಪಾಪ್ಲರ್ ಕೂಡ ಪಟ್ಟಿಯ ಹೊರಗಿನದೇ. ಫಲಿತಾಂಶವನ್ನು ಜಾಸ್ತಿ ಬದಲಿಸುವ ಎರಡು ವಸ್ತುಗಳೇ ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

ಯಾವ ಉಪಕರಣ

ಡಾಕರ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಎಲ್ಲದರ ಸಮೇತ ಕಂಟೇನರ್ ಅನ್ನುವ ಪೆಟ್ಟಿಗೆಯಲ್ಲಿ ಕಟ್ಟಿ ಓಡಿಸುವ ಉಪಕರಣ) ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಆದರೆ ಲಿನಕ್ಸ್ ಕಂಟೇನರನ್ನು ಮ್ಯಾಕ್, ವಿಂಡೋಸ್‌ಗಳಲ್ಲಿ ಓಡಿಸಲು ಹಿಂದೆ ಒಂದು ಲಿನಕ್ಸ್ ವರ್ಚುವಲ್ ಮಷೀನ್ ನಡೆಯಬೇಕು. 4 ಜಿಬಿ ರ‍್ಯಾಮಿನ ಡೆಸ್ಕ್‌ಟಾಪಿಗೆ ಅದು ಭಾರ. ಬಯಾಸ್‌ಗೆ ಹೋಗಿ ವರ್ಚುವಲೈಸೇಷನ್ ಆನ್ ಮಾಡಿ ಅಂತ ಮೇಷ್ಟ್ರಿಗೆ ಫೋನಿನಲ್ಲಿ ಹೇಳಿಕೊಡುವುದು ನನಗೆ ಸರಿ ಅನಿಸಲಿಲ್ಲ. ನಿಕ್ಸ್ ಅನ್ನುವ ಪ್ಯಾಕೇಜ್ ಉಪಕರಣ ನನಗೆ ತುಂಬಾ ಇಷ್ಟ. ಈಲ್ಕೋ ಡೋಲ್ಸ್ಟ್ರಾ ಅದನ್ನು 2003ರಲ್ಲಿ ಶುರು ಮಾಡಿದಾಗಿಂದಲೂ ಎಲ್ಲ ಕಡೆ ಒಂದೇ ಥರ ಕಟ್ಟುವುದೇ ಅದರ ಗುರಿ. ಆದರೆ ಅದು ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ, ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಬೇಕು. ಯುವಿ ಅನ್ನುವ ಇನ್ನೊಂದು ಉಪಕರಣ ಬಹಳ ಚುರುಕು, ಎಲ್ಲ ಓಎಸ್‌ಗೂ ಸೇರಿಸಿ ಒಂದೇ ಲಾಕ್ ಫೈಲು (ಯಾವ ಪ್ಯಾಕೇಜಿನ ಯಾವ ಆವೃತ್ತಿ ಅನ್ನುವ ಖಚಿತ ಪಟ್ಟಿ) ಬರೆಯುತ್ತದೆ. ಆದರೆ ಅದು ನೋಡಿಕೊಳ್ಳುವುದು ಪೈಥಾನ್ ಪ್ಯಾಕೇಜುಗಳನ್ನು ಮಾತ್ರ. ಟೆಸರಾಕ್ಟ್ ಮತ್ತೆ ಹೊರಗೇ ಉಳಿಯುತ್ತದೆ.

ಹಾಗಾಗಿ ಪೈಥಾನ್ ಅಲ್ಲದ ಪ್ರೋಗ್ರಾಮುಗಳನ್ನೂ ಹಾಕಿಕೊಡುವ ಕೊಂಡಾ ಕಡೆಗೆ ಬಂದೆವು. ಅದರ ಪ್ಯಾಕೇಜುಗಳ ಸಂಗ್ರಹವಾದ ಕೊಂಡಾ-ಫೋರ್ಜ್‌ನಲ್ಲಿ ಟೆಸರಾಕ್ಟ್, ಪಾಪ್ಲರ್, ಪೈಥಾನ್ ಮೂರೂ ಲಿನಕ್ಸ್‌ಗೂ ಮ್ಯಾಕ್‌ಗೂ ವಿಂಡೋಸ್‌ಗೂ ಮೊದಲೇ ಕಟ್ಟಿದ ರೂಪದಲ್ಲಿ ಸಿಗುತ್ತವೆ. 'ಕೊಂಡಾ ಎನ್ವ್ ಎಕ್ಸ್‌ಪೋರ್ಟ್' ಮಾಡಿ ಆ ಫೈಲನ್ನು ಇನ್ನೊಬ್ಬರಿಗೆ ಕಳಿಸುವುದು ಹಳೆಯ ರೂಢಿ. ಅದು ನಡೆಯುವುದಿಲ್ಲ. ಹೆಸರು, ಆವೃತ್ತಿ ಆದ ಮೇಲೆ ಅದರಲ್ಲಿ ಬಿಲ್ಡ್ ಗುರುತು ಅಂತ ಮೂರನೇ ತುಂಡು ಇರುತ್ತದೆ. ಲಿನಕ್ಸಿನ ಗುರುತು ವಿಂಡೋಸ್‌ನಲ್ಲಿ ಇರುವುದೇ ಇಲ್ಲ. ಬಿಲ್ಡ್ ಗುರುತು ಬಿಟ್ಟು ಎಕ್ಸ್‌ಪೋರ್ಟ್ ಮಾಡಿದರೂ ಆಯಾ ಓಎಸ್‌ಗೆ ಮಾತ್ರ ಬೇಕಾದ ಪ್ಯಾಕೇಜುಗಳು ಒಳಗೆ ಉಳಿದುಕೊಳ್ಳುತ್ತವೆ. ನಾವು ಕೇಳಿದ ಹೆಸರುಗಳನ್ನಷ್ಟೇ ಬರೆಸಿದರೆ ಫೈಲು ಎಲ್ಲ ಕಡೆ ನಡೆಯುತ್ತದೆ, ಆದರೆ ಇವತ್ತು ಒಂದು ಆವೃತ್ತಿ, ಆರು ತಿಂಗಳ ಮೇಲೆ ಇನ್ನೊಂದು.

ಈ ತೊಡಕನ್ನು ಬಿಡಿಸುವುದು ಪಿಕ್ಸಿ. ಇದು ಕೊಂಡಾ ಪ್ಯಾಕೇಜುಗಳನ್ನೇ ಬಳಸುವ, ರಸ್ಟ್ ಭಾಷೆಯಲ್ಲಿ ಬರೆದ ಉಪಕರಣ. ನಮಗೆ ಏನು ಬೇಕು ಅನ್ನುವುದನ್ನು ಒಂದು ಚಿಕ್ಕ ಫೈಲಿನಲ್ಲಿ ಬರೆಯುತ್ತೇವೆ. ಅದು ಪ್ರತಿ ಓಎಸ್‌ಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಎಲ್ಲವನ್ನೂ ಒಂದೇ ಲಾಕ್ ಫೈಲಿನಲ್ಲಿ ಬರೆದಿಡುತ್ತದೆ. ಪ್ರತಿ ಪ್ಯಾಕೇಜಿನ ಪೂರ್ತಿ ಡೌನ್‌ಲೋಡ್ ವಿಳಾಸ, ಅದರ ಶಾ-256, ಎಲ್ಲ ಇರುತ್ತದೆ.

ಕಟ್ಟಿದ ಬಗೆ

ಖಾಲಿ ಫೋಲ್ಡರಿನಲ್ಲಿ 'ಪಿಕ್ಸಿ ಇನಿಟ್'. ಬಂದ ಟಾಮಲ್ ಫೈಲಿನಲ್ಲಿ (ಏನು ಬೇಕು ಅಂತ ಬರೆಯುವ ಚಿಕ್ಕ ಫೈಲು ಇದೇ) ಚಾನೆಲ್, ಅಂದರೆ ಪ್ಯಾಕೇಜು ತರುವ ಜಾಗ, ಅಂತ ಕೊಂಡಾ-ಫೋರ್ಜ್ ಒಂದನ್ನೇ ಇಟ್ಟೆವು. ಎರಡು ಚಾನೆಲ್ ಬೆರೆಸಿದರೆ ಒಂದೇ ಲೈಬ್ರರಿ ಎರಡು ರೀತಿಯಲ್ಲಿ ಕಟ್ಟಿದ್ದು ಒಳಗೆ ಸೇರಿಕೊಂಡು ತಲೆನೋವು ತರುತ್ತದೆ. ಪ್ಲಾಟ್‌ಫಾರ್ಮ್ ಸಾಲಿನಲ್ಲಿ ಮೂರು: ಲಿನಕ್ಸ್-64, ಓಎಸ್‌ಎಕ್ಸ್-ಆರ್ಮ್64, ವಿನ್-64. ಆಮೇಲೆ 'ಪಿಕ್ಸಿ ಆ್ಯಡ್' ಮಾಡಿ ಪೈಥಾನ್, ಟೆಸರಾಕ್ಟ್, ಪಾಪ್ಲರ್, ಚಿತ್ರಗಳನ್ನು ನಿಭಾಯಿಸುವ ಪಿಲ್ಲೋ ಸೇರಿಸಿದೆವು. ಪೈಟೆಸರಾಕ್ಟನ್ನು ಕೈಬಿಟ್ಟು ಟೆಸರಾಕ್ಟನ್ನು ನಮ್ಮ ಸ್ಕ್ರಿಪ್ಟಿನಿಂದಲೇ ನೇರ ಕರೆಯುವ ಹಾಗೆ ಮಾಡಿದೆವು. ನಡುವೆ ಒಂದು ಪದರ ಕಮ್ಮಿಯಾದಷ್ಟೂ ಹುಡುಕುವ ಜಾಗ ಕಮ್ಮಿ.

ಚೆಂದದ ಸಂಗತಿ ಏನೆಂದರೆ, ವಿಂಡೋಸ್ ಮತ್ತು ಮ್ಯಾಕ್‌ನ ಲೆಕ್ಕವೂ ನನ್ನ ಉಬುಂಟುವಿನಲ್ಲೇ ಆಯಿತು. ಆ ಯಂತ್ರಗಳು ಕೈಯಲ್ಲಿ ಇರಬೇಕಾಗಿಲ್ಲ. ಎದುರಿಗಿರುವ ಲಿನಕ್ಸಿನಲ್ಲಿ ಜಿಲಿಬ್‌ಸಿ (ಲಿನಕ್ಸಿನ ಮೂಲ ಲೈಬ್ರರಿ) ಕನಿಷ್ಠ ಇಷ್ಟಿರುತ್ತದೆ, ಮ್ಯಾಕ್‌ಓಎಸ್ ಕನಿಷ್ಠ ಇಷ್ಟಿರುತ್ತದೆ ಅಂತ ಪಿಕ್ಸಿ ಒಂದು ಊಹೆ ಇಟ್ಟುಕೊಂಡು ಲೆಕ್ಕ ಮಾಡುತ್ತದೆ. ತೀರಾ ಹಳೆಯ ಓಎಸ್ ಇರುವವರು ಗುಂಪಿನಲ್ಲಿದ್ದರೆ ಆ ಊಹೆಯನ್ನು 'ಸಿಸ್ಟಮ್ ರಿಕ್ವೈರ್‌ಮೆಂಟ್ಸ್' ಅನ್ನುವ ಭಾಗದಲ್ಲಿ ಬದಲಿಸಬೇಕು. ಉಬುಂಟು 18.04ರಲ್ಲಿರುವುದು ಜಿಲಿಬ್‌ಸಿ 2.27, 22.04ರಲ್ಲಿ 2.35. ನಿಮ್ಮವರಲ್ಲಿ ಯಾರದು ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಲಾಕ್ ಫೈಲನ್ನು ಗಿಟ್‌ಗೆ (ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ) ಸೇರಿಸಿದೆವು. ಇನ್‌ಸ್ಟಾಲ್ ಮಾಡುವವರು 'ಪಿಕ್ಸಿ ಇನ್‌ಸ್ಟಾಲ್ --ಲಾಕ್ಡ್' ಅಂತಲೇ ಮಾಡಬೇಕು. ಆಗ ಟಾಮಲ್ ಫೈಲಿಗೂ ಲಾಕ್ ಫೈಲಿಗೂ ಹೊಂದದಿದ್ದರೆ ಅದು ನಿಂತು ಹೇಳುತ್ತದೆ, ಸುಮ್ನೆ ಹೊಸದನ್ನು ಲೆಕ್ಕ ಹಾಕಿ ಮುಂದೆ ಹೋಗುವುದಿಲ್ಲ.

ಮಾದರಿ ಫೈಲಿಗೆ ಬೇರೆ ವ್ಯವಸ್ಥೆ ಬೇಕಿತ್ತು, ಅದು ಪ್ಯಾಕೇಜಲ್ಲ, ದತ್ತಾಂಶ. ಟೆಸರಾಕ್ಟ್‌ನವರ 'ಫಾಸ್ಟ್' ಸಂಗ್ರಹದ 4.1.0 ಟ್ಯಾಗಿನಿಂದ ಕನ್ನಡ ಫೈಲನ್ನು ಇಳಿಸಿ, ಅದರ ಹ್ಯಾಶನ್ನು ನಮ್ಮ ಸ್ಕ್ರಿಪ್ಟಿನಲ್ಲಿ ಬರೆದಿಟ್ಟೆವು. ಹ್ಯಾಶ್ ಹೊಂದದಿದ್ದರೆ ಕೆಲಸ ಶುರುವಾಗುವುದೇ ಇಲ್ಲ. ಮೊದಲು 'ಬೆಸ್ಟ್' ತಗೊಂಡಿದ್ದೆವು. ಯಾಕೆ ಬದಲಿಸಿದೆವು ಅನ್ನುವುದು ಮುಂದೆ ಬರುತ್ತದೆ.

ಚಿತ್ರ ತೆಗೆಯುವ ಹಂತದಲ್ಲೂ ಒಂದು ಬದಲಾವಣೆ. ಪಾಪ್ಲರಿನ 'ಪಿಡಿಎಫ್‌ಟುಪಿಪಿಎಂ' ಪುಟವನ್ನು ಹೊಸದಾಗಿ ಬಿಡಿಸುತ್ತದೆ, ಚಿತ್ರವನ್ನು ನಾವು ಹೇಳಿದ ಅಳತೆಗೆ ಹಿಗ್ಗಿಸಿ ಕುಗ್ಗಿಸುತ್ತದೆ. ಅದರ ಬದಲು 'ಪಿಡಿಎಫ್‌ಇಮೇಜಸ್ -ಆಲ್' ಬಳಸಿದೆವು. ಸ್ಕ್ಯಾನರ್ ಪಿಡಿಎಫ್ ಒಳಗೆ ಜೆಪೆಗ್ ಇಟ್ಟಿದ್ದರೆ ಅದು ಹಾಗೇ, ಬೈಟಿಗೆ ಬೈಟ್, ಹೊರಗೆ ಬರುತ್ತದೆ. ಬರೀ ಸ್ಕ್ಯಾನ್ ಪುಟಗಳಿರುವ ಪಿಡಿಎಫ್‌ಗೆ ಇದೇ ಸರಿ.

ಒತ್ತಕ್ಷರ ಬಂದಲ್ಲಿ ನಿಂತದ್ದು

ಮೇಷ್ಟ್ರ ಫೋನು ಬಂತು. "ನೋಡಪ್ಪಾ, ಅಂಕಿ ಪಟ್ಟಿ ಓದಿಕೊಳ್ತು, ಪದಗಳ ಪಟ್ಟಿಗೆ ನಿಂತುಬಿಡ್ತು. ಚಾರ್‌ಮ್ಯಾಪ್ ಅಂತ ಏನೋ ಬೈತಾ ಇದೆ."

ಇದನ್ನು ಬಿಡಿಸಿ ಹೇಳಬೇಕು, ಕನ್ನಡದವರು ವಿಂಡೋಸ್‌ನಲ್ಲಿ ಪೈಥಾನ್ ಬಳಸಿದಾಗ ಪದೇ ಪದೇ ಸಿಗುವ ಗುಂಡಿ ಇದು. ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ರೀತಿ) ಅಂತ ಹೇಳದೆ ಫೈಲು ತೆರೆದರೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಪೈಥಾನ್ ಸಾಮಾನ್ಯವಾಗಿ ಯುಟಿಎಫ್-8 ಅಂದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಅದು ಯಂತ್ರದ ಹಳೆಯ ಕೋಡ್ ಪೇಜನ್ನು (ಯಾವ ಬೈಟಿಗೆ ಯಾವ ಅಕ್ಷರ ಅನ್ನುವ ಪಟ್ಟಿ) ಹಿಡಿಯುತ್ತದೆ. ಇಂಗ್ಲಿಷ್ (ಇಂಡಿಯಾ) ಸೆಟ್ಟಿಂಗಿನಲ್ಲಿ ಅದು 1252, ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ್ದು.

1252ರಲ್ಲಿ 256 ಜಾಗಗಳ ಪೈಕಿ ಐದು ಖಾಲಿ: 81, 8ಡಿ, 8ಎಫ್, 90, 9ಡಿ. ನಮ್ಮ ವಿರಾಮ ಚಿಹ್ನೆ, ಅಂದರೆ ಒತ್ತಕ್ಷರ ಮೂಡಿಸುವ ಚಿಹ್ನೆ, ಯುನಿಕೋಡಿನಲ್ಲಿ 0ಸಿಸಿಡಿ. ಯುಟಿಎಫ್-8ರಲ್ಲಿ ಅದು ಇ0, ಬಿ3, 8ಡಿ ಅನ್ನುವ ಮೂರು ಬೈಟು. ಕೊನೆಯ ಬೈಟು ನೇರ ಖಾಲಿ ಜಾಗಕ್ಕೆ ಹೋಗಿ ಬೀಳುತ್ತದೆ. ಹಾಗಾಗಿ ಮೊದಲ ಒತ್ತಕ್ಷರ ಬಂದಲ್ಲೇ ಪೈಥಾನ್ ನಿಲ್ಲುತ್ತದೆ. 'ಮನೆ', 'ಮರ', 'ಊಟ' ಇರುವ ಫೈಲು ದಾಟುತ್ತದೆ, 'ಅಕ್ಕ' ಬಂದರೆ ನಿಂತಿತು. ಕೊಂಬು (ು) ಬಂದರೂ, ಸ್ವರಗಳಲ್ಲಿ ಏ ಮತ್ತು ಐ ಬಂದರೂ ಇದೇ ಗತಿ.

ನಿಂತದ್ದು ಒಳ್ಳೆಯದೇ ಆಯಿತು. ಕನ್ನಡ ಅಂಕಿಗಳ ಪಟ್ಟಿ ನಿಲ್ಲದೆ ಹೋಗಿತ್ತಲ್ಲ, ನಿಜವಾದ ಅಪಾಯ ಅಲ್ಲಿತ್ತು. ೦ಯಿಂದ ೯ರವರೆಗಿನ ಅಂಕಿಗಳ ಬೈಟುಗಳು ಯಾವುವೂ ಖಾಲಿ ಜಾಗಕ್ಕೆ ಬೀಳುವುದಿಲ್ಲ. ಪೈಥಾನ್ ಅವನ್ನು ಯುರೋಪಿನ ಅಕ್ಷರಗಳಾಗಿ ಓದಿಕೊಂಡು, ತಪ್ಪು ಸಂದೇಶವೇ ಇಲ್ಲದೆ ಮುಂದೆ ಹೋಗಿತ್ತು. ಅಂಕಿಗಳ ತಿದ್ದುಪಡಿ ಒಂದೂ ಕೆಲಸ ಮಾಡಿರಲಿಲ್ಲ.

ಪರಿಹಾರ ಎರಡು ಕಡೆ. ಸ್ಕ್ರಿಪ್ಟಿನಲ್ಲಿ ಫೈಲು ತೆರೆಯುವ ಪ್ರತಿ ಜಾಗದಲ್ಲೂ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿದೆವು. ಜೊತೆಗೆ ಟಾಮಲ್ ಫೈಲಿನ ಆ್ಯಕ್ಟಿವೇಷನ್ ಭಾಗದಲ್ಲಿ 'ಪೈಥಾನ್‌ಯುಟಿಎಫ್8' ಅನ್ನುವ ವೇರಿಯಬಲ್ಲಿಗೆ 1 ಕೊಟ್ಟೆವು. ಪೈಥಾನ್ 3.15ರಿಂದ ಯುಟಿಎಫ್-8 ತಾನಾಗೇ ಬರಬೇಕೆಂದು ಅದರ ತಂಡ ಪೆಪ್ 686 ಅನ್ನುವ ಪ್ರಸ್ತಾವದಲ್ಲಿ ತೀರ್ಮಾನಿಸಿದೆ. ಹಳೆಯ ಆವೃತ್ತಿಗಳು ಇರುವಷ್ಟು ಕಾಲ ಕೈಯಾರೆ ಹೇಳಲೇಬೇಕು.

ಸಾಲಿನ ಕೊನೆಯನ್ನೂ ಇಲ್ಲೇ ಸರಿಮಾಡಿದೆವು. ವಿಂಡೋಸ್‌ನಲ್ಲಿ ಪೈಥಾನ್ ಪಠ್ಯ ಬರೆಯುವಾಗ ಪ್ರತಿ ಸಾಲಿನ ಕೊನೆಗೆ ಎರಡು ಬೈಟು ಹಾಕುತ್ತದೆ, ಉಳಿದೆಡೆ ಒಂದು. ಬರೆಯುವಾಗ ಹೊಸಸಾಲು ಯಾವುದು ಅಂತ ಹೇಳಿ, ಗಿಟ್‌ನ ಆ್ಯಟ್ರಿಬ್ಯೂಟ್ಸ್ ಫೈಲಿನಲ್ಲೂ ಎಲ್‌ಎಫ್ (ಒಂದೇ ಬೈಟಿನ ಸಾಲುಕೊನೆ) ಅಂತ ಬರೆದೆವು.

ಕೋಲಾರ ಸಿಗಲಿಲ್ಲ

ಗೆಳತಿಯ ಹತ್ತಿರ ಹಳೆಯ ಎಕ್ಸ್‌ಟರ್ನಲ್ ಡಿಸ್ಕ್ ಇತ್ತು, ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫಾರ್ಮ್ಯಾಟಿನದು. ಅದರಿಂದ ಬಂದ ಫೋಲ್ಡರುಗಳ ಹೆಸರು ನನ್ನ ಲಿನಕ್ಸಿನಲ್ಲಿ ಕಣ್ಣಿಗೆ ಸರಿಯಾಗೇ ಕಾಣುತ್ತಿತ್ತು. ಸ್ಕ್ರಿಪ್ಟ್ ಮಾತ್ರ 'ಕೋಲಾರ' ಅನ್ನುವ ಫೋಲ್ಡರು ಇಲ್ಲ ಅನ್ನುತ್ತಿತ್ತು.

ಯುನಿಕೋಡಿನಲ್ಲಿ 'ಕೋ' ಬರೆಯಲು ಒಂದಕ್ಕಿಂತ ಜಾಸ್ತಿ ದಾರಿ ಇದೆ. ಕೂಡಿಸಿದ ರೂಪದಲ್ಲಿ ಓತ್ವ ಒಂದೇ ಸಂಕೇತ. ಬಿಡಿಸಿದ ರೂಪದಲ್ಲಿ ಅದು ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಅಂತ ಮೂರು ಸಂಕೇತ. ಹಾಗಾಗಿ 'ಕೋಲಾರ' ಒಂದು ರೂಪದಲ್ಲಿ 5 ಸಂಕೇತ, ಇನ್ನೊಂದರಲ್ಲಿ 7. ಈತ್ವ, ಏತ್ವ, ಐತ್ವ, ಒತ್ವಗಳಿಗೂ ಹೀಗೆ ಎರಡು ರೂಪಗಳಿವೆ. ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತದೆ. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ. ಲಿನಕ್ಸಿಗೆ ಎರಡೂ ಬೇರೆ ಬೇರೆ ಹೆಸರು.

ಹೊರಗಿನಿಂದ ಬರುವ ಹೆಸರು, ಪಟ್ಟಿಯ ಪದ, ಓಸಿಆರ್ ಕೊಟ್ಟ ಪಠ್ಯ, ಎಲ್ಲವನ್ನೂ ಒಳಗೆ ತಗೊಳ್ಳುವಾಗಲೇ ಎನ್‌ಎಫ್‌ಸಿ, ಅಂದರೆ ಕೂಡಿಸಿದ ರೂಪಕ್ಕೆ ತರುವ ಒಂದು ಸಣ್ಣ ಫಂಕ್ಷನ್ ಬರೆದೆವು. ಅಷ್ಟಕ್ಕೇ ತಿದ್ದುಪಡಿ ಪಟ್ಟಿಯಲ್ಲಿ ಸತ್ತಂತೆ ಬಿದ್ದಿದ್ದ ಎಷ್ಟೋ ಸಾಲುಗಳು ಕೆಲಸ ಮಾಡತೊಡಗಿದವು. ಫೈಲುಗಳ ಪಟ್ಟಿ ತೆಗೆಯುವಾಗ ಅದನ್ನು ನಾವೇ ವಿಂಗಡಿಸುವುದನ್ನೂ ಸೇರಿಸಿದೆವು. ಓಎಸ್ ಕೊಡುವ ಕ್ರಮವನ್ನು ನಂಬುವ ಹಾಗಿಲ್ಲ.

ಒಳಗೆ ನುಸುಳಿದ ಹಳೆಯ ಮಾದರಿ

ಲಾಕ್ ಒಂದೇ, ಸ್ಕ್ರಿಪ್ಟ್ ಒಂದೇ. ಆದರೂ ವಿಂಡೋಸ್‌ನ ಪಠ್ಯ ಬೇರೆ ಬಂತು. 'ಟೆಸರಾಕ್ಟ್ --ಲಿಸ್ಟ್-ಲ್ಯಾಂಗ್ಸ್' ಹೊಡೆದರೆ ಅದು ಯಾವ ಫೋಲ್ಡರಿನಿಂದ ಮಾದರಿ ಓದುತ್ತಿದೆ ಅಂತ ಮೊದಲ ಸಾಲಿನಲ್ಲೇ ತೋರಿಸುತ್ತದೆ. ನಮ್ಮ ಫೋಲ್ಡರು ಅಲ್ಲಿರಲಿಲ್ಲ, ಹಿಂದೆ ಹಾಕಿದ್ದ ಇನ್‌ಸ್ಟಾಲರಿನ ಫೋಲ್ಡರು ಇತ್ತು. ಆ ಕಾಲದಲ್ಲಿ ಯಾರೋ ಸಿಸ್ಟಮ್ ಮಟ್ಟದಲ್ಲಿ 'ಟೆಸ್‌ಡೇಟಾ ಪ್ರಿಫಿಕ್ಸ್' ವೇರಿಯಬಲ್ಲನ್ನು ಹೊಂದಿಸಿ ಬಿಟ್ಟಿದ್ದರು. ಹೊಸ ಟೆಸರಾಕ್ಟ್ ಹಳೆಯ ಮಾದರಿ ಓದುತ್ತಿತ್ತು.

ಈಗ ಟೆಸರಾಕ್ಟನ್ನು ಕರೆಯುವಾಗ ಮಾದರಿಯ ಫೋಲ್ಡರನ್ನು ಸ್ಕ್ರಿಪ್ಟೇ ಹೇಳುತ್ತದೆ, ಹೊರಗಿನ ವೇರಿಯಬಲ್ಲನ್ನು ತೆಗೆದುಹಾಕುತ್ತದೆ. ಲಿನಕ್ಸ್‌ನಲ್ಲೂ ಇಂಥದ್ದೇ ಒಂದು ಕಿಂಡಿ ಇದೆ. ಹಿಂದೆ 'ಪಿಪ್ --ಯೂಸರ್' ಅಂತ ಹಾಕಿದ ಪ್ಯಾಕೇಜುಗಳು ಮನೆ ಫೋಲ್ಡರಿನಲ್ಲಿ ಕೂತಿರುತ್ತವೆ, ಪೈಥಾನ್ ಆವೃತ್ತಿ ಹೊಂದಿದರೆ ಕೊಂಡಾ ಪರಿಸರದೊಳಗೂ ಇಣುಕುತ್ತವೆ. 'ಪೈಥಾನ್‌ನೋಯೂಸರ್‌ಸೈಟ್'ಗೆ 1 ಕೊಟ್ಟರೆ ಆ ಕಿಂಡಿ ಮುಚ್ಚುತ್ತದೆ.

ಪ್ರೊಸೆಸರಿನ ಸರದಿ

ಇಷ್ಟೆಲ್ಲ ಆದ ಮೇಲೂ ಮಸುಕಾದ ಒಂದು ಪುಟದಲ್ಲಿ ಮ್ಯಾಕ್ ಮಾತ್ರ ಒಂದು ಒತ್ತಕ್ಷರವನ್ನು ಬೇರೆ ಓದುತ್ತಿತ್ತು. ಉಬುಂಟು, ವಿಂಡೋಸ್ ಎರಡೂ ಒಂದೇ. ನನಗೆ ಜಾಸ್ತಿ ಖುಷಿ ಕೊಟ್ಟ ಹುಡುಕಾಟ ಇದೇ.

ಕಾಗದದ ಮೇಲೆ ಮೂರು ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಒಂದೇ. ಕಂಪ್ಯೂಟರಿನ ದಶಮಾಂಶ ಲೆಕ್ಕದಲ್ಲಿ ಹಾಗಲ್ಲ. ಪೈಥಾನ್‌ನಲ್ಲಿ 0.1ಕ್ಕೆ 0.2 ಸೇರಿಸಿ ಆಮೇಲೆ 0.3 ಕೂಡಿ, 0.6000000000000001 ಬರುತ್ತದೆ. 0.2 ಮತ್ತು 0.3 ಮೊದಲು ಕೂಡಿ 0.1ಕ್ಕೆ ಸೇರಿಸಿ, 0.6 ಬರುತ್ತದೆ. ಟೆಸರಾಕ್ಟಿನ ನರಜಾಲ ಪ್ರತಿ ಅಕ್ಷರಕ್ಕೂ ಇಂಥ ರಾಶಿ ರಾಶಿ ಕೂಡುವಿಕೆ ಮಾಡುತ್ತದೆ. ಇಂಟೆಲ್ ಬಗೆಯ ಪ್ರೊಸೆಸರಿನಲ್ಲಿ ಎವಿಎಕ್ಸ್2 ಸೂಚನೆಗಳು ಒಮ್ಮೆಗೆ ಎಂಟು ಸಂಖ್ಯೆ ಹಿಡಿಯುತ್ತವೆ, ಎಂ1ನಲ್ಲಿರುವ ನಿಯಾನ್ ನಾಲ್ಕು. ಗುಂಪು ಬೇರೆಯಾದರೆ ಕೂಡುವ ಕ್ರಮ ಬೇರೆ, ಕೊನೆಯ ಅಂಕಿ ಬೇರೆ. ಅಚ್ಚು ಸ್ಪಷ್ಟವಾಗಿದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಎರಡು ಅಕ್ಷರಗಳ ನಡುವೆ ಕೂದಲೆಳೆಯ ಅಂತರ ಇದ್ದಾಗ ಮಾತ್ರ ತಕ್ಕಡಿ ಆ ಕಡೆ ಈ ಕಡೆ ವಾಲುತ್ತದೆ. ಯಾವ ಯಂತ್ರದಲ್ಲಿ ಯಾವ ಸೂಚನೆಗಳು ಸಿಕ್ಕಿವೆ ಅನ್ನುವುದನ್ನು 'ಟೆಸರಾಕ್ಟ್ --ವರ್ಷನ್' ಕೊನೆಯ ಸಾಲುಗಳಲ್ಲಿ ತೋರಿಸುತ್ತದೆ.

'ಬೆಸ್ಟ್' ಮಾದರಿಯ ತೂಕಗಳು (ನರಜಾಲ ಕಲಿತು ಇಟ್ಟುಕೊಂಡ ಸಂಖ್ಯೆಗಳು) ದಶಮಾಂಶ ಸಂಖ್ಯೆಗಳು. 'ಫಾಸ್ಟ್' ಮಾದರಿಯ ತೂಕಗಳು ಪೂರ್ಣಾಂಕಗಳು, ಪೂರ್ಣಾಂಕಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಉತ್ತರ ಬದಲಾಗುವುದಿಲ್ಲ. 'ಫಾಸ್ಟ್'ಗೆ ಬದಲಿಸಿದ ಮೇಲೆ ನಮ್ಮ ಪರೀಕ್ಷಾ ಪುಟಗಳಲ್ಲಿ ಮೂರೂ ಯಂತ್ರ ಒಂದೇ ಪಠ್ಯ ಕೊಟ್ಟವು. ಲೆಕ್ಕದ ಎಲ್ಲ ಹಂತವೂ ಪೂರ್ಣಾಂಕದಲ್ಲಿ ನಡೆಯುವುದಿಲ್ಲ, ಹಾಗಾಗಿ ಎಲ್ಲ ಪುಸ್ತಕಕ್ಕೂ ಇದು ಗ್ಯಾರಂಟಿ ಅಂತ ನಾನು ಹೇಳುವುದಿಲ್ಲ. 'ಬೆಸ್ಟ್' ಬೇಕೇ ಬೇಕು ಅನ್ನುವವರಿಗೆ ಟೆಸರಾಕ್ಟ್ 5ರಲ್ಲಿ 'ಡಾಟ್‌ಪ್ರಾಡಕ್ಟ್' ಅನ್ನುವ ಆಯ್ಕೆ ಇದೆ. ಅದಕ್ಕೆ 'ಜೆನೆರಿಕ್' ಅಂತ ಕೊಟ್ಟರೆ ಪ್ರೊಸೆಸರಿನ ವಿಶೇಷ ಸೂಚನೆಗಳನ್ನು ಬಿಟ್ಟು ಸಾದಾ ದಾರಿಯಲ್ಲಿ ಕೂಡುತ್ತದೆ, ಆದರೆ ನಿಧಾನ. ನಮಗೆ ಕೊನೆಗೆ ಮನುಷ್ಯರ ಕಣ್ಣೇ ಪುಟ ನೋಡುವುದರಿಂದ, ಸ್ವಲ್ಪ ಜಾಸ್ತಿ ನಿಖರತೆಗಿಂತ ಎಲ್ಲ ಕಡೆ ಒಂದೇ ಉತ್ತರ ಮುಖ್ಯ ಅನಿಸಿತು.

ಶಿವಮೊಗ್ಗಕ್ಕೆ ಪೆನ್‌ಡ್ರೈವ್

ಮೇಷ್ಟ್ರ ಮನೆಯ ಇಂಟರ್ನೆಟ್ ಇಷ್ಟು ದೊಡ್ಡ ಡೌನ್‌ಲೋಡಿಗೆ ಸಾಲದು. 'ಪಿಕ್ಸಿ-ಪ್ಯಾಕ್' ಇಲ್ಲಿ ಕೈಹಿಡಿಯಿತು. ನನ್ನ ಲಿನಕ್ಸಿನಲ್ಲೇ ಕೂತು, ವಿನ್-64ಕ್ಕೆ ಬೇಕಾದ ಎಲ್ಲ ಪ್ಯಾಕೇಜುಗಳನ್ನು ಲಾಕ್ ಫೈಲಿನಲ್ಲಿ ಇರುವ ಹಾಗೇ ಒಂದು ಆರ್ಕೈವ್ ಮಾಡಿದೆ. ಅದನ್ನು ಅಲ್ಲಿ ಬಿಚ್ಚಿದರೆ ಇಂಟರ್ನೆಟ್ ಇಲ್ಲದೆಯೇ ಪರಿಸರ ಸಿದ್ಧ. ಜೊತೆಗೆ ಮಾದರಿ ಫೈಲು, ಒಂದು ಬ್ಯಾಚ್ ಫೈಲು. ಪರಿಸರವನ್ನು ಆ್ಯಕ್ಟಿವೇಟ್ ಮಾಡುವುದು, ಯುಟಿಎಫ್-8 ವೇರಿಯಬಲ್ ಹೊಂದಿಸುವುದು, ಸ್ಕ್ರಿಪ್ಟ್ ಓಡಿಸುವುದು, ಮೂರನ್ನೂ ಬ್ಯಾಚ್ ಫೈಲೇ ಮಾಡುತ್ತದೆ. ಮೇಷ್ಟ್ರು ಪಿಡಿಎಫ್ ಅನ್ನು ಅದರ ಮೇಲೆ ಎಳೆದು ಬಿಟ್ಟರೆ ಸಾಕು.

ಈಗ ಪರೀಕ್ಷಾ ಪುಟಗಳ ಒಂದು ಚಿಕ್ಕ ಕಟ್ಟು ಗಿಟ್‌ನಲ್ಲೇ ಇದೆ. ಒತ್ತಕ್ಷರ ತುಂಬಿದ ಒಂದು ಪುಟ, ಕನ್ನಡ ಅಂಕಿಗಳ ಒಂದು ಕೋಷ್ಟಕ, ಮಸುಕು ಅಚ್ಚಿನ ಆ ಪುಟ. ಏನೇ ಬದಲಾದರೂ ಗಿಟ್‌ಹಬ್ ಆ್ಯಕ್ಷನ್ಸ್ (ಪರೀಕ್ಷೆಗಳನ್ನು ತಾನಾಗೇ ಓಡಿಸುವ ಸೇವೆ) ಉಬುಂಟು, ವಿಂಡೋಸ್, ಮ್ಯಾಕ್ ಮೂರರಲ್ಲೂ ಅವನ್ನು ಓಡಿಸಿ ಪಠ್ಯದ ಹ್ಯಾಶ್ ಹೋಲಿಸುತ್ತದೆ. ಮ್ಯಾಕ್‌ಗೆ 'ಮ್ಯಾಕ್‌ಓಎಸ್-14' ಅಥವಾ ಅದರ ಮುಂದಿನ ರನ್ನರ್ (ಪರೀಕ್ಷೆ ಓಡುವ ಯಂತ್ರ) ಆರಿಸಿಕೊಳ್ಳಬೇಕು, ಆಪಲ್ ಚಿಪ್ಪು ಸಿಗುವುದು ಅಲ್ಲಿಂದ. ಹ್ಯಾಶ್ ಬೇರೆ ಬಂದರೆ ಯಾವ ಸಾಲು ಬೇರೆ ಅಂತ ತೋರಿಸುತ್ತದೆ.

ಲಾಕ್ ಫೈಲನ್ನು ಸುಮ್ನೆ ಹೊಸದು ಮಾಡುವುದಿಲ್ಲ. ಒಂದು ಪುಸ್ತಕ ಶುರುವಾದರೆ ಅದು ಮುಗಿಯುವವರೆಗೂ ಅದೇ ಲಾಕ್. ಪುಸ್ತಕ ಮುಗಿದ ಮೇಲೆ 'ಪಿಕ್ಸಿ ಅಪ್‌ಡೇಟ್' ಬೇರೆ ಬ್ರಾಂಚಿನಲ್ಲಿ ಆಗುತ್ತದೆ, ಪರೀಕ್ಷಾ ಪುಟಗಳಲ್ಲಿ ಬದಲಾದ ಸಾಲುಗಳನ್ನು ಮೂವರೂ ಓದುತ್ತೇವೆ, ಅದಕ್ಕೆ ತಕ್ಕ ತಿದ್ದುಪಡಿ ಪಟ್ಟಿಯೂ ಅದೇ ಕಮಿಟ್‌ನಲ್ಲಿ ಬದಲಾಗುತ್ತದೆ. ಪೆನ್‌ಡ್ರೈವಿಗೆ ಹೊಸ ಆರ್ಕೈವ್ ಹೋಗುವುದು ಆಮೇಲೆ.